ರಾಗಿ ಮನೆಯ ಸಿಂಕ್ ಕಟ್ಟಿಕೊಂಡಾಗ: ಬಿಸಿನೀರೋ, ಪಂಪೋ, ಸ್ಪ್ರಿಂಗೋ, ಪುಡಿಯೋ?

ಸಿಂಕಿನ ನೀರು ಇಳಿಯದೆ ನಿಂತರೆ ಮನೆಯವರ ಕೈ ಮೊದಲು ಹೋಗುವುದು ಒಲೆಯ ಕಡೆಗೆ. ಒಂದು ಪಾತ್ರೆ ನೀರು ಕುದಿಸಿ ಸುರಿದು ನೋಡೋಣ ಅಂತ. ಅದಕ್ಕೂ ಜಗ್ಗದಿದ್ದರೆ ಅಂಗಡಿಯಿಂದ ಪೈಪಿನ ಕಸ ಕರಗಿಸುವ ಪುಡಿಯ ಪೊಟ್ಟಣ ಬರುತ್ತದೆ. ಕೋಲಾರ ಸೀಮೆಯ ಅಡುಗೆಮನೆಗಳಲ್ಲಿ ಈ ಎರಡೂ ಎಷ್ಟೋ ಸಲ ಕಟ್ಟಿದ್ದನ್ನು ಬಿಡಿಸುವ ಬದಲು ಇನ್ನಷ್ಟು ಬಿಗಿ ಮಾಡುತ್ತವೆ. ಕಾರಣ, ಪೈಪಿನ ತಿರುವಿನಲ್ಲಿ ಕೂತಿರುವುದು ರಾಗಿ ಹಿಟ್ಟು.

ಮುದ್ದೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಯುವ ಎಸರಿಗೆ ಹಿಟ್ಟು ಬಿದ್ದರೆ ಬಿಗಿಯುತ್ತದೆ. ರಾಗಿಯ ಪಿಷ್ಟ ಸುಮಾರು 65–70 ಡಿಗ್ರಿ ಬಿಸಿಗೆ ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಪಾತ್ರೆ ತೊಳೆದಾಗ ಹರಿದುಹೋದ ಹಸಿ ಹಿಟ್ಟಿನ ಮೇಲೆ ಕುದಿನೀರು ಹೊಯ್ದರೆ ಪೈಪಿನೊಳಗೆ ನಡೆಯುವುದೂ ಅದೇ ಅಡುಗೆ. ಪುಡಿಯಲ್ಲಿರುವ ಕಾಸ್ಟಿಕ್ ಸೋಡಾಗೆ ಬಿಸಿಯೂ ಬೇಕಿಲ್ಲ. ಅದು ತಣ್ಣೀರಿನಲ್ಲೇ ಪಿಷ್ಟವನ್ನು ಬಟ್ಟೆಗೆ ಹಾಕುವ ಗಂಜಿಯಂತೆ ಅಂಟು ಮಾಡಿಬಿಡುತ್ತದೆ.

ಹಾಗಾಗಿ ಯಾವ ವಿಧಾನ ಒಳ್ಳೆಯದು ಎಂದು ಕೇಳುವ ಮೊದಲು ಎರಡು ವಿಷಯ ತಿಳಿದಿರಬೇಕು: ಎಲ್ಲಿ ಕಟ್ಟಿದೆ, ಏನು ಕಟ್ಟಿದೆ. ಅದು ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ. ನಾವು ಹೇಳುವ ಕ್ರಮ ಇದು: ಮೊದಲು ಸಿಂಕಿನ ಕೆಳಗಿನ ಟ್ರ್ಯಾಪ್ (ನೀರು ನಿಲ್ಲುವ ಲೋಟದಾಕಾರದ ಭಾಗ) ಬಿಚ್ಚಿ ನೋಡುವುದು, ಆಮೇಲೆ ರಬ್ಬರ್ ಪಂಪ್ (ಪ್ಲಂಜರ್), ಆಮೇಲೆ ಸ್ಪ್ರಿಂಗ್, ಅಂದರೆ ಪೈಪಿನೊಳಗೆ ಬಿಡುವ ಉದ್ದನೆಯ ಸುರುಳಿ ತಂತಿ. ಬಿಸಿನೀರು ಜಿಡ್ಡಿಗೆ ಮಾತ್ರ. ಪುಡಿ ಕಟ್ಟಕಡೆಗೆ, ಅದೂ ಕೆಲವೇ ಸಂದರ್ಭದಲ್ಲಿ. ಆಸಿಡ್ ಬೇಡವೇ ಬೇಡ.

ಎಲ್ಲಿ ಕಟ್ಟಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುವುದು

ಸಿಂಕಿನಲ್ಲಿ ನಿಂತ ನೀರನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕಿ. ಈಗ ಎರಡು ಚೊಂಬು ತಣ್ಣೀರು ಸಿಂಕಿಗೆ ಸುರಿದು, ಪಾತ್ರೆ ತೊಳೆಯುವ ಜಾಗದಲ್ಲೋ ಬಚ್ಚಲಲ್ಲೋ ಇರುವ ನೆಲದ ಜಾಲಿಯನ್ನು ನೋಡಿ. ಪ್ಲಂಬರ್‌ಗಳು ಇದನ್ನೇ ನಹಾನಿ ಟ್ರ್ಯಾಪ್ ಅನ್ನುತ್ತಾರೆ.

ನೀರು ಸಿಂಕಿನಲ್ಲೇ ನಿಂತು ನೆಲದ ಜಾಲಿ ಒಣಗಿದ್ದರೆ ಅಡಚಣೆ ಸಿಂಕಿಗೂ ನೆಲಕ್ಕೂ ನಡುವೆ ಇದೆ. ಬಹುತೇಕ ಬಾಟಲ್ ಟ್ರ್ಯಾಪಿನಲ್ಲಿ ಅಥವಾ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ವೇಸ್ಟ್ ಪೈಪಿನಲ್ಲಿ. ಇದು ಮನೆಯವರೇ ಮಾಡಿಕೊಳ್ಳುವ ಕೆಲಸ. ಸಿಂಕಿನ ನೀರು ಇಳಿದು ನೆಲದ ಜಾಲಿಯಲ್ಲಿ ಉಕ್ಕಿದರೆ ಅಡಚಣೆ ಅದಕ್ಕೂ ಆಚೆ, ಹೊರಗಿನ ಚೇಂಬರಿನ (ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ) ದಾರಿಯಲ್ಲಿದೆ. ಆಗ ಸಿಂಕಿನ ಮೇಲೆ ಎಷ್ಟು ಪಂಪ್ ಒತ್ತಿದರೂ ಗಾಳಿ, ನೀರು ನೆಲದ ಜಾಲಿಯಿಂದ ಹೊರಗೆ ಬರುತ್ತದೆಯೇ ಹೊರತು ಅಡಚಣೆಗೆ ತಾಗುವುದಿಲ್ಲ. ಮನೆಯ ನೀರು ಹೊರಗೆ ಬಂದು ಬೀಳುವ ಗಲ್ಲಿ ಟ್ರ್ಯಾಪೇ ತುಂಬಿ ನಿಂತಿದ್ದರೆ ತೊಂದರೆ ಮನೆಯ ಒಳಗಲ್ಲ, ಅಲ್ಲಿಂದ ಆಚೆ; ಬೀದಿಯ ಯುಜಿಡಿ (ನೆಲದಡಿಯ ಒಳಚರಂಡಿ) ಲೈನಿನದೂ ಇರಬಹುದು.

ಮಹಡಿ ಮನೆಗಳಲ್ಲಿ ಇನ್ನೊಂದು ಪರೀಕ್ಷೆ ಇದೆ. ಮೇಲಿನವರು ಪಾತ್ರೆ ತೊಳೆದಾಗ ಕೆಳಗಿನವರ ಸಿಂಕಿನಲ್ಲಿ ನೊರೆ ಏರಿದರೆ ಕಟ್ಟಿರುವುದು ಇಬ್ಬರಿಗೂ ಸೇರಿದ ನಿಂತ ಪೈಪು. ಅದು ಬಾಡಿಗೆಯವರ ಜೇಬಿನಿಂದ ಮಾಡಿಸುವ ಕೆಲಸವಲ್ಲ, ಮನೆ ಓನರ್‌ಗೆ ಆಗಲೇ ಹೇಳಬೇಕು.

ಏನು ಕಟ್ಟಿದೆ

ಮೊಗೆದ ನೀರನ್ನು ಚೆಲ್ಲುವ ಮೊದಲು ಬಕೆಟ್ಟಿನಲ್ಲಿ ಐದು ನಿಮಿಷ ಬಿಟ್ಟು ನೋಡಿ. ಕಂದುಬಣ್ಣದ ಕೆಸರು ತಳಕ್ಕೆ ಕೂತರೆ ರಾಗಿ. ಬೆರಳಿಗೆ ಜಾರುವ ಬಿಳಿ ಕಣಗಳು ತೇಲಿದರೆ ಜಿಡ್ಡು. ಬೂದುಬಣ್ಣದ ಒರಟು ಪುಡಿ ಇಳಿದರೆ ಅದು ಪಾತ್ರೆ ಉಜ್ಜುವ ಸಬೀನಾ ಅಥವಾ ಒಲೆಯ ಬೂದಿ.

ಇವುಗಳ ಸ್ವಭಾವ ಬೇರೆಬೇರೆ. ಭಾನುವಾರದ ಮಟನ್ ಸಾರಿನ ಕೊಬ್ಬು 40 ಡಿಗ್ರಿ ದಾಟಿದರೆ ಕರಗುತ್ತದೆ, ತಣ್ಣಗಾದ ಕೂಡಲೇ ಪೈಪಿನ ಗೋಡೆಗೆ ಮೇಣದಂತೆ ಹತ್ತುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಡಿಸೆಂಬರ್–ಜನವರಿಯ ಚಳಿಯಲ್ಲಿ ತೊಂದರೆ ಹೆಚ್ಚು. ಅದೇ ತಿಂಗಳುಗಳಲ್ಲಿ ಅವರೆಕಾಯಿ ಸುಗ್ಗಿ. ಹಿತಕಿದ ಅವರೆಬೇಳೆಯ ಸಿಪ್ಪೆ ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಆದರೆ ನೀರಿನಲ್ಲಿ ಜಾರಿ ಹೋಗಿ ಟ್ರ್ಯಾಪಿನ ತಿರುವಿನಲ್ಲಿ ಒಂದರ ಮೇಲೊಂದು ಎಲೆ ಪೇರಿಸಿದಂತೆ ಕೂರುತ್ತದೆ. ಅದನ್ನು ಯಾವ ಪುಡಿಯೂ ಬೇಗ ಕರಗಿಸುವುದಿಲ್ಲ. ತಿಪಟೂರು ಕಡೆಯ ಮನೆಗಳಲ್ಲಿ ತೆಂಗಿನ ತುರಿ, ಪಾತ್ರೆ ಉಜ್ಜುವ ತೆಂಗಿನ ನಾರು ಇದೇ ಕೆಲಸ ಮಾಡುತ್ತವೆ. ನಾರು ಬಲೆಯಾಗಿ ನಿಂತರೆ ಹಿಂದೆ ಬಂದ ಹಿಟ್ಟು, ಹುಣಿಸೆ ಸಿಪ್ಪೆ, ಕರಿಬೇವು ಎಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಇದರ ಮೇಲೆ ನಮ್ಮ ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬೂದುಬಣ್ಣದ ಪದರವಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಅದೇ ಗಸಿ. ಪೈಪಿನ ಒಳಮೈ ಹೀಗೆ ಒರಟಾದ ಮೇಲೆ ಹಿಟ್ಟಿಗೆ ಹಿಡಿತ ಸಿಗುತ್ತದೆ. ಟ್ಯಾಂಕರ್ ನೀರಿಗೆ ಕಾಯುವ ಮನೆಗಳಲ್ಲಿ ಒಂದು ಬೋಗುಣಿಯಲ್ಲಿ ಪಾತ್ರೆ ಅದ್ದಿ ತೊಳೆಯುವುದು ಸಹಜ. ಆದರೆ ಅಷ್ಟು ಕಡಿಮೆ ನೀರಿಗೆ ಕೆಸರನ್ನು ಚೇಂಬರಿನ ತನಕ ತಳ್ಳುವ ಬಲವಿಲ್ಲ.

ಬಿಸಿನೀರು, ಸೋಡಾ–ನಿಂಬೆ

ಬಿಸಿನೀರು ಗೆಲ್ಲುವುದು ಜಿಡ್ಡಿನ ಮುಂದೆ, ಅದೂ ನೀರು ನಿಧಾನವಾಗಿಯಾದರೂ ಇಳಿಯುತ್ತಿರುವಾಗ. ಪೂರ್ತಿ ಕಟ್ಟಿದ್ದರೆ ಸುರಿದ ಬಿಸಿ ಅಡಚಣೆಯವರೆಗೆ ಹೋಗುವುದೇ ಇಲ್ಲ, ಮೇಲೆ ನಿಂತ ನೀರಿನಲ್ಲಿ ಬೆರೆತು ಆರಿಬಿಡುತ್ತದೆ. ಕುದಿಯುವುದನ್ನು ನೇರವಾಗಿ ಹೊಯ್ಯಬಾರದು ಅನ್ನುವುದಕ್ಕೆ ರಾಗಿಯಲ್ಲದೆ ಇನ್ನೊಂದು ಕಾರಣ ಪಿವಿಸಿ. ಅದು 80 ಡಿಗ್ರಿ ಹತ್ತಿರ ಬರುವಾಗ ಮೆತ್ತಗಾಗುತ್ತದೆ. ತೆಳ್ಳನೆಯ ವೇಸ್ಟ್ ಪೈಪು ಜೋತುಬಿದ್ದು ಅಲ್ಲೊಂದು ಗುಂಡಿ ಆದರೆ ಮುಂದಿನ ತಿಂಗಳ ಅಡಚಣೆಗೆ ಜಾಗ ಸಿದ್ಧ. ಕುದಿಯುವ ನೀರು ಒಂದು ಪಾಲು, ನಲ್ಲಿ ನೀರು ಒಂದು ಪಾಲು ಬೆರೆಸಿದರೆ ಸುಮಾರು 60 ಡಿಗ್ರಿ ಬರುತ್ತದೆ. ಕೊಬ್ಬು ಕರಗಲು ಅಷ್ಟು ಸಾಕು.

ಮಾಡುವ ಕ್ರಮ ಸರಳ. ನಿಂತ ನೀರು ಮೊಗೆದು ತೆಗೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ತೂತಿಗೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಆಮೇಲೆ ಐದು ಲೀಟರ್ ಬೆರೆಸಿದ ಬಿಸಿನೀರನ್ನು ಒಂದೇ ಓಟದಲ್ಲಿ ಸುರಿಯಿರಿ, ಚೊಂಬುಚೊಂಬಾಗಿ ಅಲ್ಲ. ಎರಡು ಸಲ ಮಾಡಿದರೂ ನೀರಿನ ವೇಗ ಹೆಚ್ಚದಿದ್ದರೆ ನಿಲ್ಲಿಸಿ, ಒಳಗಿರುವುದು ಜಿಡ್ಡು ಮಾತ್ರವಲ್ಲ.

ಅಡುಗೆ ಸೋಡಾ ಹಾಕಿ ಮೇಲೆ ನಿಂಬೆಹಣ್ಣು ಹಿಂಡುವುದು, ಇಲ್ಲವೇ ವಿನೆಗರ್ ಹೊಯ್ಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನೊರೆ ಉಕ್ಕುವುದನ್ನು ನೋಡಿದರೆ ಏನೋ ಆಗುತ್ತಿದೆ ಅನ್ನಿಸುತ್ತದೆ. ಆಗುವುದು ಇಷ್ಟೇ: ಕ್ಷಾರವೂ ಹುಳಿಯೂ ಒಂದನ್ನೊಂದು ಕೊಂದುಕೊಂಡು ಉಪ್ಪುನೀರು, ಇಂಗಾಲದ ಡೈಆಕ್ಸೈಡ್ ಉಳಿಯುತ್ತವೆ. ಅನಿಲ ಮೇಲಿನ ತೂತಿನಿಂದಲೇ ಹೊರಬರುವುದರಿಂದ ಒತ್ತಡವೂ ಬೀಳುವುದಿಲ್ಲ. ವಾಸನೆ ಸ್ವಲ್ಪ ಕಡಿಮೆಯಾದೀತು, ಅಡಚಣೆ ಹೋಗದು. ಹುಳಿಯನ್ನು ಬಳಸಲೇಬೇಕೆಂದರೆ ಅದಕ್ಕೆ ಸರಿಯಾದ ಜಾಗ ಗಡಸು ನೀರಿನ ಬಿಳಿ ಪೊರೆ. ಒಂದು ಲೀಟರ್ ಬೆಚ್ಚನೆ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಹರಳು) ಹಾಕಿ, ಸಿಂಕಿನ ಜಾಲಿಯನ್ನು ಅರ್ಧ ಗಂಟೆ ನೆನೆಸಿ ಬ್ರಷ್ಷಿನಲ್ಲಿ ಉಜ್ಜಿದರೆ ಮುಚ್ಚಿಹೋದ ತೂತುಗಳು ತೆರೆದುಕೊಳ್ಳುತ್ತವೆ.

ಬಾಟಲ್ ಟ್ರ್ಯಾಪ್ ಬಿಚ್ಚುವುದು

ಜನ ಇದಕ್ಕೆ ಹಿಂಜರಿಯುತ್ತಾರೆ, ಕೊಳಕು ಅಂತಲೋ, ಮತ್ತೆ ಜೋಡಿಸಲು ಬಾರದು ಅಂತಲೋ. ಆದರೆ ಹಿಟ್ಟಿನ ಅಡಚಣೆಗೆ ಇದಕ್ಕಿಂತ ಖಚಿತವಾದ ದಾರಿ ಇಲ್ಲ. ಉಳಿದ ವಿಧಾನಗಳು ಹೆಚ್ಚಾಗಿ ಕಸವನ್ನು ಮುಂದಕ್ಕೆ ತಳ್ಳುತ್ತವೆ. ಇದು ಅದನ್ನು ಪೂರ್ತಿ ಹೊರಗೆ ತೆಗೆಯುತ್ತದೆ. ಖರ್ಚಿಲ್ಲ, ಇಪ್ಪತ್ತು ನಿಮಿಷದ ಕೆಲಸ.

ಸಿಂಕಿನ ಕೆಳಗೆ ಲೋಟದ ಆಕಾರದಲ್ಲಿ ನೇತಾಡುವ ಭಾಗವೇ ಬಾಟಲ್ ಟ್ರ್ಯಾಪ್. ಅದರಲ್ಲಿ ಯಾವಾಗಲೂ ಎರಡು ಇಂಚಿನಷ್ಟು ನೀರು ನಿಂತಿರಬೇಕು. ಚೇಂಬರಿನ ದುರ್ವಾಸನೆ, ಜಿರಳೆ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಆದ್ದರಿಂದ ಬಿಚ್ಚಿದಾಗ ನೀರು ಬಿದ್ದರೆ ಗಾಬರಿಯಾಗಬೇಡಿ.

ಕೆಳಗೆ ಅಗಲ ಬಾಯಿಯ ಬಕೆಟ್ ಇಡಿ, ಸುತ್ತ ಹಳೆ ಬಟ್ಟೆ ಹಾಸಿ, ನಲ್ಲಿ ಯಾರೂ ತಿರುಗಿಸದಂತೆ ಮನೆಯವರಿಗೆ ಹೇಳಿ. ಒಂದು ಕೈಯಲ್ಲಿ ಮೇಲಿನ ಭಾಗವನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಲೋಟವನ್ನು ತಿರುಗಿಸಿ. ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ಪ್ಲಾಸ್ಟಿಕ್ಕಿನದಾದರೆ ಪಾನಾ ಹಾಕಬೇಡಿ, ಮರೆ (ಥ್ರೆಡ್) ಸವೆದು ಮುಂದೆ ಸೋರುವುದಕ್ಕೆ ಅದೇ ಕಾರಣವಾಗುತ್ತದೆ. ಜಾರಿದರೆ ರಬ್ಬರ್ ಗ್ಲೌಸ್ ಅಥವಾ ಒಣ ಗೋಣಿಚೀಲದ ತುಂಡಿನಿಂದ ಹಿಡಿದರೆ ಹಿಡಿತ ಬರುತ್ತದೆ.

ಲೋಟ ಕೈಗೆ ಬಂದಾಗ ಅದರ ತೂಕದಲ್ಲೇ ಗೊತ್ತಾಗುತ್ತದೆ. ರಾಗಿ ಮನೆಯ ಟ್ರ್ಯಾಪಿನಲ್ಲಿ ತಳದಲ್ಲಿ ಸಬೀನಾ ಪುಡಿಯ ಬೂದುಬಣ್ಣದ ಗಟ್ಟಿ ಪದರ, ಅದರ ಮೇಲೆ ಕಪ್ಪು ಕಂದಿನ ಜಿಗುಟು ಹಿಟ್ಟು, ಮೇಲ್ಗಡೆ ಒಂದೆರಡು ಸಾಸಿವೆ ಕಾಳು, ಕರಿಬೇವಿನ ದಂಟು. ಬೆರಳು ಇಟ್ಟರೆ ಗುಳಿ ಹಾಗೇ ಉಳಿಯುವಷ್ಟು ಗಟ್ಟಿ. ಇದನ್ನು ಮತ್ತೆ ಸಿಂಕಿಗೆ ತೊಳೆಯಬಾರದು. ಚಮಚದ ಹಿಡಿಯಿಂದ ಕೆರೆದು ಕಾಗದದ ಮೇಲೆ ಹಾಕಿ ಕಸಕ್ಕೆ ಕಟ್ಟಿ. ಲೋಟದ ಮಧ್ಯಕ್ಕೆ ಇಳಿದಿರುವ ಕೊಳವೆಯೊಳಗೂ ಬಾಟಲ್ ತೊಳೆಯುವ ಬ್ರಷ್ ಆಡಿಸಿ. ಆಮೇಲೆ ಗೋಡೆಯ ಕಡೆ ಹೋಗುವ ಪೈಪಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ದಾರಿ ಕಂಡರೆ ಕೆಲಸ ಮುಗಿಯಿತು. ಕಾಣದಿದ್ದರೆ ಸ್ಪ್ರಿಂಗ್ ಹಾಕಲು ಇದೇ ಒಳ್ಳೆಯ ಹೊತ್ತು, ಟ್ರ್ಯಾಪಿನ ತಿರುವು ಅಡ್ಡ ಬರುವುದಿಲ್ಲ.

ಮತ್ತೆ ಜೋಡಿಸುವಾಗ ಜನ ಎಡವುವುದು ವಾಷರ್‌ನಲ್ಲಿ. ಬಿಚ್ಚುವ ಮುಂಚೆಯೇ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಯಾವುದು ಎಲ್ಲಿತ್ತು ಎಂಬ ಗೊಂದಲ ಬಾರದು. ಒಂದು ಕಡೆ ಚೂಪಾಗಿ ಇಳಿದ ವಾಷರ್ ಇದ್ದರೆ ಅದರ ಸಣ್ಣ ಅಂಚು ಪೈಪು ಒಳಗೆ ಹೋಗುವ ಕಡೆಗೆ, ದಪ್ಪ ಅಂಚು ನಟ್ಟಿನ ಕಡೆಗೆ ಇರಬೇಕು. ತಿರುವುಮುರುವಾದರೆ ಎಷ್ಟು ಬಿಗಿದರೂ ಹನಿ ನಿಲ್ಲದು. ರಬ್ಬರ್ ಬಿರುಸಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸುವುದು ಒಳ್ಳೆಯದು, ಯಾಕೆಂದರೆ ಸಿಂಕಿನದು ಒಂದೂವರೆ ಇಂಚು, ಕೈ ತೊಳೆಯುವ ಬೇಸಿನ್ನಿನದು ಒಂದೂಕಾಲು ಇಂಚು ಇರುವುದು ಸಾಮಾನ್ಯ, ಕಣ್ಣಂದಾಜಿಗೆ ಎರಡೂ ಒಂದೇ ಥರ. ಕೈಯಲ್ಲಿ ಬಿಗಿಯಾದ ಮೇಲೆ ಇನ್ನು ಕಾಲು ಸುತ್ತು, ಅಷ್ಟೇ. ವಾಷರ್ ಕೂರುವ ಜಾಗದ ಮರೆಗೆ ಟೆಫ್ಲಾನ್ ಟೇಪ್ ಸುತ್ತುವುದು ಬೇಡ, ಅಲ್ಲಿ ನೀರು ತಡೆಯುವುದು ರಬ್ಬರ್, ಟೇಪ್ ಅಲ್ಲ. ಕೊನೆಗೆ ಸಿಂಕ್ ಅರ್ಧ ತುಂಬಿಸಿ ಒಮ್ಮೆಲೇ ಬಿಟ್ಟು, ಪ್ರತಿ ಜೋಡಣೆಯ ಕೆಳಗೂ ಒಣ ನ್ಯೂಸ್ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ಹನಿಯೂ ಕಾಗದದ ಮೇಲೆ ಕಾಣುತ್ತದೆ.

ಎಷ್ಟೋ ಮನೆಗಳಲ್ಲಿ ಬಾಟಲ್ ಟ್ರ್ಯಾಪೇ ಇರುವುದಿಲ್ಲ. ಸುಕ್ಕಿನ ಪೈಪನ್ನು ಬಾಗಿಸಿ ನೇರವಾಗಿ ಗೋಡೆಯ ತೂತಿಗೆ ತುರುಕಿರುತ್ತಾರೆ. ಅಂಥ ಪೈಪನ್ನು ತೊಳೆದು ಮತ್ತೆ ಹಾಕುವುದಕ್ಕಿಂತ ಹೊಸದು ಹಾಕುವುದೇ ಲೇಸು. ಬೆಲೆ ಹೆಚ್ಚಿಲ್ಲ, ಒಳಗಿನ ಪ್ರತಿ ಸುಕ್ಕಿನಲ್ಲೂ ಹತ್ತಿದ ಹಿಟ್ಟು ಪೂರ್ತಿ ಹೋಗುವುದೂ ಇಲ್ಲ. ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ. ಉದ್ದ ಹೆಚ್ಚಾಗಿ ಹೊಟ್ಟೆ ಬಿಟ್ಟುಕೊಂಡ ಪೈಪಿನಲ್ಲಿ ಕೆಸರು ನಿಲ್ಲುತ್ತದೆ.

ರಬ್ಬರ್ ಪಂಪ್

ಪ್ಲಂಜರ್ ಅಥವಾ ಹಿಡಿ ಇರುವ ರಬ್ಬರ್ ಬಟ್ಟಲು ನೂರು–ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅವರೆ ಸಿಪ್ಪೆ, ಅನ್ನದ ಅಗುಳು, ಮೆತ್ತನೆಯ ಹಿಟ್ಟು ಹೀಗೆ ಅಲುಗಬಲ್ಲ ಅಡಚಣೆಗೆ ಒಳ್ಳೆಯದು. ಸಬೀನಾ ಪುಡಿ ಸಿಮೆಂಟಿನಂತೆ ಕೂತಿದ್ದರೆ ಇದರ ಆಟ ನಡೆಯದು. ಸಿಂಕಿಗೆ ಚಪ್ಪಟೆ ಬಾಯಿಯ ಬಟ್ಟಲೇ ಬೇಕು, ಒಳಗಿನಿಂದ ಇನ್ನೊಂದು ರಬ್ಬರ್ ತುಟಿ ಚಾಚಿರುವುದು ಕಮೋಡಿನದು. ಕಕ್ಕಸಿಗೆ ಬಳಸಿದ್ದನ್ನು ಅಡುಗೆಮನೆಗೆ ತರಲೇಬೇಡಿ.

ಬಟ್ಟಲು ಮುಳುಗುವಷ್ಟು, ಎರಡು–ಮೂರು ಇಂಚು ನೀರು ಸಿಂಕಿನಲ್ಲಿರಲಿ. ಒಳಗೆ ಗಾಳಿ ಇದ್ದರೆ ಅದು ಕುಗ್ಗುತ್ತದೆ, ಬಲ ಅಡಚಣೆಗೆ ಹೋಗುವುದಿಲ್ಲ. ಸಿಂಕಿನ ಮೇಲಂಚಿನಲ್ಲಿ ಓವರ್‌ಫ್ಲೋ ತೂತು ಇದ್ದರೆ ಒದ್ದೆ ಬಟ್ಟೆ ತುರುಕಿ ಮುಚ್ಚಿ, ಜೋಡಿ ಸಿಂಕಾದರೆ ಪಕ್ಕದ ತೂತನ್ನೂ ಒಬ್ಬರು ಒತ್ತಿ ಹಿಡಿಯಬೇಕು. ಹದಿನೈದು–ಇಪ್ಪತ್ತು ಸಲ ಲಯವಾಗಿ ಒತ್ತಿ ಎಳೆದು, ಕೊನೆಯಲ್ಲಿ ರಪ್ಪನೆ ಮೇಲಕ್ಕೆತ್ತಿ. ಕೆಲಸ ಮಾಡುವುದು ಒತ್ತುವ ಬಲಕ್ಕಿಂತ ಎಳೆಯುವ ಬಲ. ಬರೀ ಒತ್ತುತ್ತಾ ಹೋದರೆ ಕಸ ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಸಿಂಕಿನ ಕೆಳಗಿನ ಜೋಡಣೆಯೂ ಕಳಚಿಕೊಳ್ಳಬಹುದು. ಒತ್ತುವಾಗ ಇನ್ನೊಬ್ಬರು ಕೆಳಗೆ ಕೂತು ನಟ್ಟನ್ನು ಹಿಡಿದಿದ್ದರೆ ಆ ಭಯವಿಲ್ಲ.

ಪಂಪ್ ಬದಲು ಬೋರ್ ಮೋಟರಿನ ಹೋಸ್ ಪೈಪನ್ನೇ ಸಿಂಕಿನ ತೂತಿಗೆ ಹಿಡಿಯುವವರಿದ್ದಾರೆ. ಸಿಂಕಿನ ಪೈಪಿನ ಜೋಡಣೆಗಳು ಅಂಥ ಒತ್ತಡ ತಡೆಯಲು ಮಾಡಿದವಲ್ಲ. ಗೋಡೆಯೊಳಗಿನ ಜೋಡಣೆ ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ, ತಿಂಗಳು ಕಳೆದ ಮೇಲೆ ಗೋಡೆ ತೇವವಾಗಿ ಸುಣ್ಣ ಉದುರುತ್ತದೆ. ಆಗ ಟೈಲ್ಸ್ ಒಡೆಯದೆ ದಾರಿಯಿಲ್ಲ.

ಸ್ಪ್ರಿಂಗ್

ಟ್ರ್ಯಾಪ್ ಸ್ವಚ್ಛವಾಗಿದ್ದೂ ನೀರು ಇಳಿಯದಿದ್ದರೆ ಅಡಚಣೆ ಗೋಡೆಯ ಒಳಗೆ. ಅಲ್ಲಿಗೆ ತಲುಪುವುದು ಸ್ಪ್ರಿಂಗ್ ಮಾತ್ರ. ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ಮೀಟರ್ ಉದ್ದದ್ದು, ತುದಿಯಲ್ಲಿ ಬಲ್ಬಿನಂತೆ ಅಗಲವಾದ ಸುರುಳಿ, ಹಿಂದೆ ತಿರುಗಿಸುವ ಹಿಡಿಕೆ ಇರುವುದನ್ನು ಕೇಳಿ. ಸಿಂಕಿನ ಪೈಪಿಗೆ 6ರಿಂದ 8 ಮಿಲಿಮೀಟರ್ ದಪ್ಪದ್ದು ಸಾಕು, ಹೆಚ್ಚು ದಪ್ಪದ್ದು ಎಲ್ಬೋದಲ್ಲಿ (ಪೈಪಿನ ಮೂಲೆ ತಿರುವು) ತಿರುಗದು.

ಟ್ರ್ಯಾಪ್ ಬಿಚ್ಚಿದ ಮೇಲೆ ಗೋಡೆಯ ಪೈಪಿಗೆ ಇದನ್ನು ಬಿಡುತ್ತಾ ಹೋಗಿ. ಮೊದಲು ತಡೆ ಸಿಗುವುದು ಹೆಚ್ಚಾಗಿ ಎಲ್ಬೋದಲ್ಲಿ, ಅಲ್ಲಿ ಗಟ್ಟಿಯಾಗಿ ಟಕ್ಕೆನ್ನುತ್ತದೆ, ತಿರುಗಿಸಿದರೆ ದಾಟುತ್ತದೆ. ಅಡಚಣೆಗೆ ತಾಗಿದಾಗ ಮೆತ್ತಗೆ ಒದ್ದೆ ಮಣ್ಣಿಗೆ ಕೋಲು ಚುಚ್ಚಿದಂತೆ ಇರುತ್ತದೆ. ಈ ವ್ಯತ್ಯಾಸ ಕೈಗೆ ತಿಳಿಯುವ ತನಕ ಬಲ ಹಾಕಬೇಡಿ. ಮೆತ್ತನೆಯದು ಸಿಕ್ಕ ಮೇಲೆ ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸುತ್ತಾ ಅರ್ಧ ಅಡಿ ಮುಂದೆ, ಅರ್ಧ ಅಡಿ ಹಿಂದೆ ಆಡಿಸಿ ಎಳೆಯಿರಿ. ಅಪ್ರದಕ್ಷಿಣೆಯಾಗಿ ಸುತ್ತಿದರೆ ಸುರುಳಿ ಬಿಚ್ಚಿಕೊಂಡು ಒಳಗೇ ಸಿಕ್ಕಿಬೀಳಬಹುದು. ನಾರು, ತುರಿ ಸುತ್ತಿಕೊಂಡು ಬರುತ್ತದೆ. ಒರೆಸಿ, ಮತ್ತೆ ಬಿಡಿ. ನಾಲ್ಕೈದು ಸಲ ಆದಮೇಲೆ ಟ್ರ್ಯಾಪ್ ಜೋಡಿಸಿ ಒಂದು ಬಕೆಟ್ ತಣ್ಣೀರು ಒಮ್ಮೆಲೇ ಬಿಟ್ಟರೆ ಸಡಿಲವಾದದ್ದು ಹರಿದುಹೋಗುತ್ತದೆ.

ಸ್ಪ್ರಿಂಗ್ ಇಲ್ಲದಿದ್ದಾಗ ಕಟ್ಟುಕಂಬಿ ಹಾಕುವುದು ರೂಢಿ. ಅದು ಹಿಟ್ಟಿನ ನಡುವೆ ಒಂದು ಸಣ್ಣ ತೂತು ಕೊರೆಯುತ್ತದೆ, ನೀರು ಇಳಿಯಿತು ಅಂತ ಸಮಾಧಾನವಾಗುತ್ತದೆ, ವಾರದೊಳಗೆ ಮತ್ತೆ ಕಟ್ಟುತ್ತದೆ. ಹಳೆ ಬೈಕಿನ ಕ್ಲಚ್ ಕೇಬಲ್ಲಿನ ತುದಿಯ ಎಳೆಗಳನ್ನು ಅರ್ಧ ಇಂಚು ಬಿಡಿಸಿ ಹಾಕುವುದು ಅದಕ್ಕಿಂತ ವಾಸಿ, ಎಳೆಗಳು ಕಸ ಹಿಡಿಯುತ್ತವೆ. ಆದರೆ ಮೂರ್ನಾಲ್ಕು ಅಡಿಯ ದೂರಕ್ಕೆ ಮಾತ್ರ, ಕೈಗೆ ಗ್ಲೌಸ್ ಇಲ್ಲದೆ ಬೇಡ.

ಪುಡಿ ಮತ್ತು ಆಸಿಡ್

ಪುಡಿಯ ಪೊಟ್ಟಣದಲ್ಲಿರುವುದು ಮುಖ್ಯವಾಗಿ ಕಾಸ್ಟಿಕ್ ಸೋಡಾ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು. ನೀರು ತಾಗಿದ ಕೂಡಲೇ ಬಿಸಿಯೇರುತ್ತದೆ. ಕೊಬ್ಬನ್ನು ಸೋಪಾಗಿ ಮಾಡುತ್ತದೆ, ಕೂದಲನ್ನು ಕರಗಿಸುತ್ತದೆ. ಅದಕ್ಕೇ ಬಚ್ಚಲಿನ ಕೂದಲಿಗೆ ಇದು ಒಳ್ಳೆಯ ಆಯ್ಕೆ. ಅಡುಗೆಮನೆಯಲ್ಲಿ ಲೆಕ್ಕ ಬೇರೆ. ಹಿಟ್ಟನ್ನು ಅಂಟು ಮಾಡುತ್ತದೆ ಎಂದು ಆಗಲೇ ಹೇಳಿದೆವು. ಕೊಬ್ಬಿನಿಂದಾದ ಸೋಪು ಕೂಡ ಬೋರ್ ನೀರಿನ ಸುಣ್ಣದ ಜೊತೆ ಸೇರಿ ಮತ್ತೆ ಗಟ್ಟಿ ಪದರವಾಗುತ್ತದೆ, ಬೇಗ ಬೇಗ ಸಾಕಷ್ಟು ನೀರು ಬಿಟ್ಟು ತೊಳೆಯದಿದ್ದರೆ. ಟ್ಯಾಂಕರಿಗೆ ಕಾಯುವ ದಿನ ಪುಡಿ ಹಾಕಲೇಬಾರದು ಅನ್ನುವುದು ಅದಕ್ಕೇ.

ಕಟ್ಟಿರುವುದು ಜಿಡ್ಡೇ ಎಂದು ಖಾತ್ರಿಯಿದ್ದು, ನೀರು ನಿಧಾನವಾಗಿ ಇಳಿಯುತ್ತಿದ್ದು, ಗೋಡೆಯೊಳಗೆ ಸ್ಪ್ರಿಂಗ್ ಹೋಗದಂಥ ತಿರುವಿದ್ದರೆ ಒಂದು ಸಲ ಹಾಕಬಹುದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಬೇಡ. ಮುದ್ದೆ ಮಾಡುವ ಅಲ್ಯೂಮಿನಿಯಂ ಪಾತ್ರೆಗಳನ್ನು ಸಿಂಕಿನಿಂದ ದೂರ ಇಡಿ. ಕಾಸ್ಟಿಕ್ ಆ ಲೋಹವನ್ನೇ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಗ್ಯಾಸ್ ಒಲೆ ಆರಿಸಿರಬೇಕು. ನಿಂತ ನೀರನ್ನು ಪೂರ್ತಿ ಮೊಗೆದು ತೆಗೆದು, ಪೊಟ್ಟಣದ ಮೇಲೆ ಬರೆದ ಅಳತೆಯನ್ನೇ ಹಾಕಿ, ಅದರಲ್ಲಿ ಹೇಳಿದಷ್ಟೇ ನೀರು ನಿಧಾನವಾಗಿ ಬಿಡಿ. ಬಿಸಿನೀರು ಸುರಿದರೆ ಅದು ಸಿಡಿದು ಮುಖಕ್ಕೆ ಬರುತ್ತದೆ. ಹೇಳಿದ ಹೊತ್ತು ಕಾದು ಎರಡು ಬಕೆಟ್ ತಣ್ಣೀರು ಬಿಡಿ. ರಾತ್ರಿಯೆಲ್ಲ ಬಿಟ್ಟರೆ ಹೆಚ್ಚು ಕರಗೀತು ಅನ್ನುವುದು ತಪ್ಪು, ಆರಿದ ಕಾಸ್ಟಿಕ್ ಪೈಪಿನಲ್ಲೇ ಕಲ್ಲಿನಂತೆ ಕೂರುತ್ತದೆ.

ಒಂದು ಸಲಕ್ಕೆ ಬಿಡದಿದ್ದರೆ ಎರಡನೆಯ ಪೊಟ್ಟಣ ಬೇಡ. ಪುಡಿ ಹಾಕಿದ ಸಿಂಕಿನ ಮೇಲೆ ಪಂಪ್ ಒತ್ತುವುದು, ಟ್ರ್ಯಾಪ್ ಬಿಚ್ಚುವುದು ಬೇಡ, ಕಾಸ್ಟಿಕ್ ನೀರು ಕಣ್ಣಿಗೆ ಹಾರುತ್ತದೆ. ಪ್ಲಂಬರ್ ಬಂದರೆ ಅವರು ಕೈ ಹಾಕುವ ಮುಂಚೆ ‘ಇದರಲ್ಲಿ ಪುಡಿ ಹಾಕಿದ್ದೇವೆ ಅಣ್ಣಾ, ಇಷ್ಟು ಗಂಟೆಗೆ’ ಎಂದು ಹೇಳಲೇಬೇಕು. ಹೇಳದೆ ಬಿಡುವುದು ಇನ್ನೊಬ್ಬರ ಕಣ್ಣಿಗೆ ಕುತ್ತು ತಂದಂತೆ. ಮೈಗೆ, ಕಣ್ಣಿಗೆ ತಾಗಿದರೆ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು–ಇಪ್ಪತ್ತು ನಿಮಿಷ ತೊಳೆಯಬೇಕು, ಕಣ್ಣಾದರೆ ತೊಳೆದ ಕೂಡಲೇ ಆಸ್ಪತ್ರೆಗೆ. ಮಗು ನುಂಗಿದ್ದರೆ ವಾಂತಿ ಮಾಡಿಸಬೇಡಿ, ಮೇಲೆ ಬರುವಾಗ ಅದು ಗಂಟಲನ್ನು ಇನ್ನೊಮ್ಮೆ ಸುಡುತ್ತದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ.

ಸಿಂಕಿನ ನೀರನ್ನು ಹಿತ್ತಲ ತೆಂಗಿನ ಬುಡಕ್ಕೋ ಬಾಳೆ ಬುಡಕ್ಕೋ ಬಿಟ್ಟಿರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಪುಡಿಯ ಮಾತೇ ಬೇಡ, ಹಾಕಿದ್ದೆಲ್ಲ ಹೋಗುವುದು ಬೇರಿಗೆ. ಆ ಪೈಪಿನ ಜೋಡಣೆ ಸಡಿಲವಿದ್ದರೆ ತೆಂಗಿನ ಬೇರೇ ಒಳಗೆ ನುಗ್ಗಿ ಕಟ್ಟಿರಲೂಬಹುದು. ಅದನ್ನು ಕಡಿದು ತೆಗೆಯಬೇಕೇ ಹೊರತು ಕರಗಿಸಲಾಗದು.

ಆಸಿಡ್ ಬಗ್ಗೆ ನಮ್ಮ ಮಾತು ಖಡಾಖಂಡಿತ. ಅದು ಸ್ಟೀಲ್ ಸಿಂಕಿನ ಮೈಗೆ ಗುಳಿ ಕೊರೆಯುತ್ತದೆ, ಸಿಮೆಂಟ್ ಜೋಡಣೆಯನ್ನು ತಿನ್ನುತ್ತದೆ. ಸಿಂಕಿನ ಪಕ್ಕ ಹಾಕಿರುವ ಕಡಪ ಕಲ್ಲು ಸುಣ್ಣದ ಕಲ್ಲು, ಹನಿ ಬಿದ್ದ ಕಡೆಯೆಲ್ಲ ನೊರೆಯೆದ್ದು ಮಚ್ಚೆ ಉಳಿಯುತ್ತದೆ. ಕಾಸ್ಟಿಕ್ ಹಾಕಿದ ಪೈಪಿಗೆ ಆಸಿಡ್ ಬಿದ್ದರೆ ಕುದಿದು ಸಿಡಿಯುತ್ತದೆ, ಬ್ಲೀಚಿಂಗ್ ಪುಡಿಗೆ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಕೊಳ್ಳುವವರ ಗುರುತು, ಕಾರಣ ಬರೆದುಕೊಳ್ಳದೆ ಅಂಗಡಿಯಲ್ಲಿ ಆಸಿಡ್ ಮಾರಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಕಟ್ಟಪ್ಪಣೆ ಮಾಡಿದೆ. ಲೇಬಲ್ಲಿಲ್ಲದ ಬಾಟಲಿಯಲ್ಲಿ ಸಿಗುವುದನ್ನು ಮನೆಗೆ ತರಬೇಡಿ.

ಪ್ಲಂಬರ್ ಕರೆಯುವ ಹೊತ್ತು

ಟ್ರ್ಯಾಪ್ ತೆಗೆದು ಸ್ಪ್ರಿಂಗ್ ಆಡಿಸಿದ ಮೇಲೂ ನೀರು ನಿಂತರೆ, ಅಥವಾ ನೆಲದ ಜಾಲಿಯಲ್ಲಿ ಉಕ್ಕುತ್ತಿದ್ದರೆ ಕರೆಯಿರಿ. ಬಂದವರು ಬರೀ ಕಂಬಿ ಆಡಿಸಿ ಹೋಗದೆ, ಹೊರಗಿನ ಚೇಂಬರಿನ ಕಡೆಯಿಂದ ಹಿಮ್ಮುಖವಾಗಿ ಬಿಡಿಸಿದರೆ ಫಲ ಹೆಚ್ಚು. ತಿಂಗಳು ತಿಂಗಳೂ ಕಟ್ಟುವ ಮನೆಯಾದರೆ ಕೇಳಬೇಕಾದ್ದು ಇಳಿಜಾರು. ಅಡ್ಡ ಪೈಪಿಗೆ 40 ಇಂಚಿಗೆ ಒಂದು ಇಂಚಿನಷ್ಟಾದರೂ ಇಳಿತ ಬೇಕು. ಅದಿಲ್ಲದಿದ್ದರೆ ಎಷ್ಟು ಸಲ ಬಿಡಿಸಿದರೂ ಅಷ್ಟೇ. ಪೈಪ್ ಬದಲಿಸುವುದಾದರೆ ತಿರುವಿನಲ್ಲಿ ಮಾಮೂಲಿ ಎಲ್ಬೋ ಬದಲು ಡೋರ್ ಎಲ್ಬೋ ಹಾಕಿಸಿ. ಮುಚ್ಚಳ ಬಿಚ್ಚಿದರೆ ಕೈಗೇ ಸಿಗುತ್ತದೆ, ಮುಂದೆಂದೂ ಗೋಡೆ ಒಡೆಯಬೇಕಿಲ್ಲ.

ಬೀದಿಯ ಲೈನ್ ಕಟ್ಟಿದ್ದರೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನಗರಸಭೆಗೆ, ತುಮಕೂರಿನಲ್ಲಿ ಮಹಾನಗರ ಪಾಲಿಕೆಗೆ ದೂರು ಕೊಡಿ, ಅವರಲ್ಲಿ ಯಂತ್ರವಿರುತ್ತದೆ. ನಾಲ್ಕು ಕಾಸು ಉಳಿಯುತ್ತದೆ ಅಂತ ಯಾರನ್ನಾದರೂ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಒಳಗಿನ ವಿಷಾನಿಲಕ್ಕೆ ಇಳಿದವರು ಮತ್ತೆ ಮೇಲೆ ಬರದ ಉದಾಹರಣೆಗಳು ಬೇಕಾದಷ್ಟಿವೆ.

ಬಿಟ್ಟ ಮೇಲೆ ಮತ್ತೆ ಕಟ್ಟದಂತೆ

ಮುದ್ದೆ ಪಾತ್ರೆಗೆ ಉಂಡ ಕೂಡಲೇ ತಣ್ಣೀರು ಹಾಕಿ ಬಿಟ್ಟರೆ ತಳ ಹಿಡಿದ ಹಿಟ್ಟು ಅರ್ಧ ಗಂಟೆಯಲ್ಲಿ ಹಾಳೆಯಂತೆ ಎದ್ದುಬರುತ್ತದೆ. ಅದನ್ನೂ ಅಕ್ಕಚ್ಚನ್ನೂ ಸಿಂಕಿಗೆ ಬಿಡದೆ ಕಲಗಚ್ಚಿಗೆ ಹಾಕಿ. ಹಸು ಇಲ್ಲದ ಮನೆಯಾದರೆ ಪಕ್ಕದ ಕೊಟ್ಟಿಗೆಯವರು ಸಂತೋಷದಿಂದ ಒಯ್ಯುತ್ತಾರೆ. ಮಟನ್ ಪಾತ್ರೆಯ ಜಿಡ್ಡನ್ನು ಮೊದಲು ಕಾಗದದಲ್ಲಿ ಒರೆಸಿ. ಅವರೆ ಸುಗ್ಗಿಯಲ್ಲಿ ಸಿಂಕಿನ ಬಾಯಿಗೆ ಸಣ್ಣ ತೂತಿನ ಸ್ಟೀಲ್ ಜಾಲಿ ಇರಲಿ, ಸಿಪ್ಪೆ ಸುಲಿಯುವ ಕೆಲಸ ಮೊರದಲ್ಲೇ ನಡೆಯಲಿ.

ವಾರಕ್ಕೊಮ್ಮೆ, ನೀರು ಬಂದ ದಿನ, ಸಿಂಕಿನ ತೂತು ಮುಚ್ಚಿ ಮುಕ್ಕಾಲು ತುಂಬಿಸಿ, ಮುಚ್ಚಳ ಒಮ್ಮೆಲೇ ಎತ್ತಿ. ಹದಿನೈದು–ಇಪ್ಪತ್ತು ಲೀಟರ್ ಒಟ್ಟಿಗೆ ಇಳಿಯುವಾಗ ಆಗುವ ಎಳೆತವನ್ನು ದಿನವಿಡೀ ಸಣ್ಣಗೆ ಬಿಟ್ಟ ನಲ್ಲಿ ಕೊಡಲಾರದು. ಪಾತ್ರೆ ತೊಳೆದ ಕೊನೆಯ ನೀರನ್ನೇ ಇದಕ್ಕೆ ಬಳಸಿದರೆ ಹೆಚ್ಚಿನ ನೀರೂ ಬೇಕಿಲ್ಲ.